ಸೇನೆ ಮಾರಿದ ಅಗೆಯುವ ಯಂತ್ರಗಳು

ಪೀಣ್ಯದ ಕೈಗಾರಿಕಾ ಪ್ರದೇಶಕ್ಕಾಗಲಿ, ವೈಟ್‌ಫೀಲ್ಡಿನ ಕಡೆಗಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಆಚೆಗಾಗಲಿ ಹೋದವರು ಒಂದು ಹಳದಿ ಬಣ್ಣದ ಯಂತ್ರವನ್ನು ನೋಡಿಯೇ ಇರುವರು. ಮುಂದುಗಡೆ ಮಣ್ಣನ್ನು ಎತ್ತಿ ತುಂಬುವ ಅಗಲವಾದ ಬಕೆಟ್ಟು. ಹಿಂದುಗಡೆ ಚೇಳಿನ ಕೊಂಡಿಯಂತೆ ಬಾಗಿ ನೆಲವನ್ನು ಅಗೆಯುವ ತೋಳು. ಬ್ಯಾಕ್‌ಹೋ ಲೋಡರ್ ಎಂಬುದು ಇದರ ಹೆಸರು. ಯಾವ ಕಾರ್ಖಾನೆಯಲ್ಲಿ ಹುಟ್ಟಿದ್ದಾದರೂ ನಮ್ಮ ಜನ ಇದನ್ನು ಜೆ.ಸಿ.ಬಿ. ಎಂದೇ ಕರೆಯುವರು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವರು 1953ರಲ್ಲಿ ಈ ಎರಡು ಅಂಗಗಳನ್ನೂ ಒಂದೇ ಟ್ರಾಕ್ಟರಿಗೆ ಹೊಂದಿಸಿದರು. ಅವರ ಹೆಸರಿನ ಮೊದಲಕ್ಷರಗಳೇ ಯಂತ್ರದ ಹೆಸರಾಗಿ ನಿಂತವು.

ಕಂದಕ ತೋಡುವುದಕ್ಕೂ ದಾರಿ ಬಿಡಿಸುವುದಕ್ಕೂ ಸೇನೆಗಳು ಇಂಥ ಯಂತ್ರಗಳನ್ನು ಇಟ್ಟುಕೊಳ್ಳುವುವು. ಅವುಗಳ ಅವಧಿ ಮುಗಿದ ಮೇಲೆ ಹರಾಜಿಗೆ ಬರುವುದುಂಟು. ಅವನ್ನು ಕೊಂಡವರು ಹೇಗೆ ಉಳಿಸಿಕೊಳ್ಳಬೇಕೆಂಬುದೇ ಇಂದಿನ ನಮ್ಮ ಮಾತು.

ಸೇನೆ ಬಿಟ್ಟ ಸಾಮಾನಿಗೆ ಮರುಜೀವ ಕೊಡುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಇಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನಗಳು, ಮತ್ತಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಲ್ಪಟ್ಟು, ಬಯಲಿನಲ್ಲಿ ಬಿದ್ದಿದ್ದವು. ಅವುಗಳನ್ನು ಹಾರುವಷ್ಟು ಮಟ್ಟಿಗೆ ಅಲ್ಲಿಯೇ ಸರಿಪಡಿಸಿ, ಜೆ. ಕೆ. ಮುನ್ಷಿ ಎಂಬ ವೈಮಾನಿಕರು ಒಂದೊಂದಾಗಿ ಬೆಂಗಳೂರಿಗೆ ತಂದರು. ನಮ್ಮ ಕಾರ್ಖಾನೆಯವರು ಹೀಗೆ 40ಕ್ಕೂ ಹೆಚ್ಚು ವಿಮಾನಗಳನ್ನು ಪೂರ್ಣವಾಗಿ ದುರಸ್ತಿ ಮಾಡಿದರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ವಿಮಾನಗಳೊಡನೆ ಸ್ಥಾಪಿತವಾಯಿತು. 1968ರವರೆಗೂ ಲಿಬರೇಟರುಗಳು ದೇಶದ ಸೇವೆಯಲ್ಲಿದ್ದವು. ನೆಲ ಅಗೆಯುವ ಯಂತ್ರಗಳಿಗೂ ಇದೇ ನಂಟು ಉಂಟು. ಅದೇ ಕಾರ್ಖಾನೆಯ ರೈಲುಗಾಡಿಯ ವಿಭಾಗ 1965ರ ಜನವರಿಯಲ್ಲಿ ಬೇರ್ಪಟ್ಟು, ಹಿಂದಿನ ವರ್ಷ ಹುಟ್ಟಿದ್ದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯನ್ನು ಸೇರಿತು. ಬೆಮೆಲ್ ಎಂದು ನಾವು ಕರೆಯುವ ಆ ಸಂಸ್ಥೆಯೇ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬುಲ್‌ಡೋಜರು ಮೊದಲಾದ ಭಾರಿ ಯಂತ್ರಗಳನ್ನು ತಯಾರಿಸುತ್ತಿದೆ.

ಈಗ ಹರಾಜಿನ ವಿಷಯ. ಸೇನೆಗೆ ಬೇಡವಾದ ಸಾಮಾನುಗಳನ್ನು ಭಾರತ ಸರಕಾರದ ಎಂ.ಎಸ್.ಟಿ.ಸಿ. ಎಂಬ ಸಂಸ್ಥೆಯ ಮೂಲಕ ಮಾರುವ ಪದ್ಧತಿಯಿದೆ. ಇದ್ದ ಸ್ಥಳದಲ್ಲಿ, ಇದ್ದ ಸ್ಥಿತಿಯಲ್ಲಿ ಎಂಬುದು ಇಂಥ ಮಾರಾಟದ ಕರಾರು, ಕೊಂಡಮೇಲೆ ದೂರುವಂತಿಲ್ಲ. ಸಾಲ ಮಾಡಿ ಯಂತ್ರ ಕೊಳ್ಳುವ ಸಣ್ಣ ಗುತ್ತಿಗೆದಾರನಿಗೆ ಇದು ಬದುಕಿನ ಪ್ರಶ್ನೆ. ಅವನು ಮೊದಲು ನೋಡುವುದು ಗಂಟೆಯ ಮೀಟರನ್ನು. ಬಾಡಿಗೆಗೆ ದುಡಿದ ಯಂತ್ರ ಹತ್ತಾರು ಸಾವಿರ ಗಂಟೆ ತೋರಿಸುವಲ್ಲಿ ಸೇನೆಯ ಯಂತ್ರ ಕೆಲವೇ ಸಾವಿರ ಗಂಟೆ ತೋರಿಸೀತು. ಹೊಸದರಂತೆಯೇ ಇದೆ ಎಂದು ಅವನು ಹಿಗ್ಗುವನು. ಮೋಸ ಇರುವುದು ಇಲ್ಲಿಯೇ. ಬಾಡಿಗೆಯ ಯಂತ್ರ ದುಡಿದು ಸವೆಯುತ್ತದೆ. ಸೇನೆಯ ಯಂತ್ರ ನಿಂತು ಕೆಡುತ್ತದೆ. ಆದಕಾರಣ ಓದಬೇಕಾದದ್ದು ಗಂಟೆಗಳನ್ನಲ್ಲ, ವರ್ಷಗಳನ್ನು.

ಇದರ ಕಾರಣವನ್ನು ಸ್ವಲ್ಪ ವಿಚಾರಿಸೋಣ. ಈ ಯಂತ್ರದ ಬಲವೆಲ್ಲ ಎಣ್ಣೆಯ ಒತ್ತಡದಲ್ಲಿದೆ. ಎಂಜಿನ್ನು ಪಂಪನ್ನು ತಿರುಗಿಸುವುದು. ಪಂಪು ಎಣ್ಣೆಯನ್ನು ಸಿಲಿಂಡರುಗಳಿಗೆ ನೂಕುವುದು. ಅದರೊಳಗಿನ ದಂಡ ಹೊರಕ್ಕೆ ಬಂದು ತೋಳನ್ನು ಆಡಿಸುವುದು. ಕಾರಿನ ಚಕ್ರದಲ್ಲಿ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಒತ್ತಡವಿದ್ದರೆ ಇಲ್ಲಿ 3,000 ಪೌಂಡಿಗೂ ಮಿಗಿಲು. ಇಷ್ಟು ಒತ್ತಡವನ್ನು ತಡೆದು ಹಿಡಿಯುವುದು ಬಳೆಯಷ್ಟು ತೆಳ್ಳಗಿನ ಸೀಲು. ಯಂತ್ರ ಓಡುತ್ತಿದ್ದರೆ ಎಣ್ಣೆ ಆ ಸೀಲನ್ನು ನೆನೆಸುತ್ತಲೇ ಇರುವುದು. ವರ್ಷಗಟ್ಟಲೆ ನಿಂತರೆ ಸೀಲು ಒಣಗಿ ಗಡುಸಾಗುವುದು. ದಂಡದ ಮೇಲೆ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಲೇಪವುಂಟು. ದಂಡ ಹೊರಚಾಚಿದಂತೆಯೇ ಯಂತ್ರವನ್ನು ಮಳೆಯಲ್ಲಿ ನಿಲ್ಲಿಸಿದ್ದರೆ ಆ ಲೇಪದಲ್ಲಿ ತುಕ್ಕಿನ ಸಣ್ಣ ಗುಳಿಗಳು ಬೀಳುವುವು. ಮುಂದೆ ದಂಡ ಒಳಹೊರಗೆ ಆಡಿದಂತೆಲ್ಲ ಆ ಗುಳಿಗಳ ಅಂಚು ಹೊಸ ಸೀಲನ್ನೂ ಅರದಂತೆ ತರಿಯುವುದು. ಗುಳಿ ಬಿದ್ದ ದಂಡವನ್ನು ಬಿಟ್ಟು ಸೀಲನ್ನು ಮಾತ್ರ ಬದಲಾಯಿಸಿದವನು ತಿಂಗಳೊಳಗೆ ಮತ್ತೆ ಅದೇ ಕೆಲಸಕ್ಕೆ ಕೈಹಾಕಬೇಕಾದೀತು.

ಉಳಿದ ಅಂಗಗಳ ಗತಿಯೂ ಹೀಗೆಯೇ. ಡೀಸೆಲ್ ತೊಟ್ಟಿಯ ತಳದಲ್ಲಿ ನೀರು ಕೂಡುವುದು. ರಬ್ಬರಿನ ಹೋಸ್ ಪೈಪುಗಳು ಬಿರಿಯುವುವು. ಟೈರಿನ ಪಕ್ಕದಲ್ಲಿ ಅದು ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುವರು; ಮೊದಲಿನ ಎರಡು ವಾರವನ್ನೂ ಕಡೆಯ ಎರಡು ವರ್ಷವನ್ನೂ ಹೇಳುವುವು. 1208 ಎಂದಿದ್ದರೆ 2008ರ 12ನೆಯ ವಾರವೆಂದು ತಿಳಿಯಬೇಕು. ಗೀರುಗಳು ಆಳವಾಗಿವೆಯೆಂದು ಅಂಥ ಟೈರನ್ನು ನಂಬತಕ್ಕದ್ದಲ್ಲ.

ಆದುದರಿಂದ ಇಂಥ ಯಂತ್ರವನ್ನು ಮನೆಗೆ ತಂದೊಡನೆ ಎಂಜಿನ್ನನ್ನು ಚಾಲೂ ಮಾಡಿ ಸಂತೋಷಪಡುವುದು ತರವಲ್ಲ. ಮೊದಲು ಹಳೆಯ ಎಣ್ಣೆಗಳನ್ನೆಲ್ಲ ಬಸಿದು, ಫಿಲ್ಟರುಗಳನ್ನು ಬದಲಾಯಿಸಿ, ತೊಟ್ಟಿಯನ್ನು ತೊಳೆಯಬೇಕು. ಬಸಿದ ಎಣ್ಣೆ ಹಾಲಿನಂತೆ ಬಿಳುಪಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ಲೋಹದ ಹೊಳಪಿನ ಪುಡಿ ಕಂಡರೆ ಒಳಗೆ ಯಾವುದೋ ಭಾಗ ಸವೆಯುತ್ತಿದೆಯೆಂದು ಅರ್ಥ. ಬ್ರೇಕಿನ ಎಣ್ಣೆಯಲ್ಲಿ ವಿಶೇಷ ಎಚ್ಚರ ಬೇಕು. ಕೆಲವು ಯಂತ್ರಗಳ ಬ್ರೇಕಿಗೆ ಖನಿಜ ತೈಲವನ್ನೇ ಹಾಕಬೇಕು. ಕಾರಿಗೆ ಹಾಕುವ ಬ್ರೇಕ್ ದ್ರವವನ್ನು ಅದಕ್ಕೆ ಸುರಿದರೆ ಸೀಲುಗಳು ಹಾಳಾಗಿ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟೀತು. ಸೇನೆಯ ವಾಹನಗಳಲ್ಲಿ ಅನೇಕವು 24 ವೋಲ್ಟಿನ ವಿದ್ಯುತ್ತಿನಿಂದ ನಡೆಯುವುವು. ಅವಕ್ಕೆ 12 ವೋಲ್ಟಿನ ಬಲ್ಬು, ಮೋಟಾರುಗಳು ಸಲ್ಲವು. ತೋಳಿನ ಕೀಲುಗಳಲ್ಲಿರುವ ಪಿನ್ನು ಬುಷ್ಷುಗಳಿಗೆ ಪ್ರತಿದಿನವೂ ಗ್ರೀಸು ಹಾಕುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

ಇಂಥ ದುರಸ್ತಿಗೆ ಬೇಕಾದ ಕೈಗಳು ನಮ್ಮ ಊರಿನಲ್ಲಿ ಹೇರಳವಾಗಿವೆ. 1970ರ ದಶಕದಿಂದ ಬೆಳೆದ ಪೀಣ್ಯದಲ್ಲಿ ದಂಡವನ್ನು ಸಾಣೆಹಿಡಿದು ಮತ್ತೆ ಕ್ರೋಮಿಯಂ ಲೇಪ ಕೊಡುವವರು, ಸವೆದ ತೂತನ್ನು ಕೊರೆದು ಹೊಸ ಬುಷ್ಷು ಕೂರಿಸುವವರು, ಹೋಸ್ ಪೈಪಿಗೆ ಲೋಹದ ತುದಿಯನ್ನು ಒತ್ತಿ ಬಿಗಿಯುವವರು ಕೂಗಳತೆಯಲ್ಲಿ ದೊರೆಯುವರು. ಬಿಡಿಭಾಗ ಸಿಕ್ಕದ ಯಂತ್ರಕ್ಕೆ ಭಾಗವನ್ನೇ ಮಾಡಿಕೊಡುವ ಈ ಕೆಲಸಗಾರರು ಲಿಬರೇಟರುಗಳನ್ನು ಎಬ್ಬಿಸಿದವರ ವಿದ್ಯೆಗೇ ವಾರಸುದಾರರು. ಅವರ ಜೀವ, ಅವರ ಕೈಗಳು ಯಂತ್ರದ ಬೆಲೆಗಿಂತ ದೊಡ್ಡವು. ಎತ್ತಿ ನಿಲ್ಲಿಸಿದ ತೋಳಿನ ಕೆಳಗೆ, ಊರೆ ಕೊಡದೆ, ಯಾರೂ ನುಗ್ಗಬಾರದು. ಒಂದು ಪೈಪು ಒಡೆದರೆ ತೋಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕುಸಿಯುವುದು. ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನ್ನು ನಿಲ್ಲಿಸಿ, ಹಿಡಿಗಳನ್ನು ಆಡಿಸಿ ಉಳಿದ ಒತ್ತಡವನ್ನು ಕಳೆದ ಮೇಲೆಯೇ ಪೈಪು ಬಿಚ್ಚಬೇಕು. ಸೋರುವ ಜಾಗವನ್ನು ಬೆರಳಿನಿಂದ ಎಂದಿಗೂ ಹುಡುಕಬಾರದು, ರಟ್ಟಿನ ಚೂರಿನಿಂದ ಹುಡುಕಬೇಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಮಾಂಸದೊಳಗೆ ಸೇರುವುದು. ಗಾಯ ಇರುವೆ ಕಚ್ಚಿದಷ್ಟೇ ಕಾಣುವುದು. ನೋವೂ ಮೊದಲು ಅಲ್ಪವೇ. ಆದರೆ ಕೆಲವು ಗಂಟೆಗಳೊಳಗೆ ಶಸ್ತ್ರವೈದ್ಯರ ಬಳಿಗೆ ಹೋಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಈ ಒಂದು ಸಂಗತಿಯನ್ನು ಪ್ರತಿಯೊಂದು ದುರಸ್ತಿಯ ಶೆಡ್ಡಿನ ಗೋಡೆಯ ಮೇಲೂ ಕನ್ನಡದಲ್ಲಿ ಬರೆದಿಡುವುದು ಲೇಸು.

ಕಡೆಯದಾಗಿ ಒಂದು ಮಾತು. ಸೇನೆಯಲ್ಲಿ ಪ್ರತಿಯೊಂದು ವಾಹನಕ್ಕೂ ಒಂದು ದಾಖಲೆಯ ಪುಸ್ತಕವಿರುವುದು. ಕೊಳ್ಳುವಾಗ ಅದು ದೊರೆಯುವುದಾದರೆ ಬಿಡದೆ ಪಡೆಯಬೇಕು. ದೊರೆಯದಿದ್ದರೆ ತಂದ ದಿನದಿಂದಲೇ ಹೊಸದನ್ನು ಆರಂಭಿಸಬೇಕು. ಎಂದು ಎಣ್ಣೆ ಬದಲಾಯಿತು, ಯಾವ ಸೀಲು ಹೋಯಿತು, ಯಾರು ಸರಿಪಡಿಸಿದರು ಎಂಬ ನಾಲ್ಕು ಸಾಲುಗಳಿಗೆ ಹೆಚ್ಚಿನ ವಿದ್ಯೆ ಬೇಕಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಬಲ್ಲೆವು. ಯಂತ್ರದ ವಿಷಯದಲ್ಲಿ ದೊಣ್ಣೆಯೂ ಬೇಕಾಗಿಲ್ಲ. ಮರೆತು ಸುಮ್ಮನೆ ನಿಲ್ಲಿಸಿಬಿಟ್ಟರೆ ಸಾಕು.