ಶಾಲೆಯೂ ರಾಜಕಾರಣವೂ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ತರಗತಿಯಲ್ಲಿ ಗುರುವು ತನ್ನ ರಾಜಕೀಯ ಮತವನ್ನು ಹೇಳಬಹುದೇ, ಹೇಳಬಾರದೇ ಎಂಬುದು ಇಂದಿನ ವಿಷಯ. ಪ್ರಶ್ನೆಯೇನೋ ಹಳೆಯದು. 1905ರಲ್ಲಿ, ವಂಗಭಂಗದ ಕಾಲಕ್ಕೆ, ಬಂಗಾಲದ ಸರಕಾರವು ಕಾರ್ಲೈಲ್ ಸುತ್ತೋಲೆಯನ್ನು ಹೊರಡಿಸಿ, ವಿದ್ಯಾರ್ಥಿಗಳನ್ನು ಸ್ವದೇಶೀ ಚಳವಳಿಯಿಂದ ತಡೆಯದ ಶಾಲೆಗಳ ಸಹಾಯಧನವನ್ನು ನಿಲ್ಲಿಸುವೆವೆಂದು ಬೆದರಿಸಿತು. 1907ರ ರಿಸ್ಲೆ ಸುತ್ತೋಲೆಯು ಆ ಬಾಯಿಕಟ್ಟನ್ನು ದೇಶಕ್ಕೆಲ್ಲ ಹಬ್ಬಿಸಿತು. ಶಾಲೆಯಲ್ಲಿ ರಾಜಕಾರಣ ಸಲ್ಲದೆಂದ ಆ ಸರಕಾರವೇ, ಆಂಗ್ಲರ ಆಳಿಕೆಯ ಉಪಕಾರಗಳನ್ನು ಕೊಂಡಾಡುವ ಲೀ-ವಾರ್ನರರ ‘ದಿ ಸಿಟಿಜನ್ ಆಫ್ ಇಂಡಿಯಾ’ದಂತಹ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿಸುತ್ತಿತ್ತು. ಆಳುವವರ ಪಕ್ಷವು ಮೌನದ ವೇಷದಲ್ಲಿ ಶಾಲೆಯನ್ನು ಹೊಗುವುದುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗೆಂದು ಗುರುವು ಮನಬಂದಂತೆ ನುಡಿಯಬಹುದೇ? ಹೌದೆನ್ನಲಾರೆವು. ಬಯಲು ಸಭೆಯಲ್ಲಿ ಭಾಷಣವು ರುಚಿಸದವನು ಎದ್ದು ಹೋಗಬಲ್ಲನು. ಶಾಲೆಯ ಬಾಲಕನು ಏಳಲಾರನು. ಅವನ ತೇರ್ಗಡೆಯು ಗುರುವಿನ ಲೇಖನಿಯ ತುದಿಯಲ್ಲಿದೆ. ನ್ಯಾಯಾಲಯದಲ್ಲಿ ನಮ್ಮಂತಹ ವಕೀಲರು ಒಂದೇ ಪಕ್ಷವನ್ನು ಹಿಡಿದು ವಾದಿಸುತ್ತೇವೆ. ಎದುರಿಗೆ ಪ್ರತಿಪಕ್ಷದ ವಕೀಲನೂ ಮೇಲೆ ನ್ಯಾಯಾಧೀಶನೂ ಇರುವುದರಿಂದ ಅದು ಸಲ್ಲುತ್ತದೆ. ತರಗತಿಯಲ್ಲಾದರೋ ಗುರುವೇ ವಕೀಲ, ಗುರುವೇ ನ್ಯಾಯಾಧೀಶ. ಎದುರು ಪಕ್ಷದ ವಾದವನ್ನೂ ಅವನೇ ಮಂಡಿಸದಿದ್ದರೆ ಅಲ್ಲಿ ಆಗುವುದು ಏಕತರ್ಫೀ ತೀರ್ಪು.

ನಮಗೆ ಅತ್ಯಂತ ಪ್ರಿಯವಾದ ವಿಷಯವನ್ನೇ ಒರೆಗೆ ಹಚ್ಚೋಣ. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾದ ಕಥೆಯನ್ನು ಹೇಳುವಾಗ ಗುರುವಿನ ಕಂಠವು ತುಂಬಿಬಂದರೆ ತಪ್ಪೇನಿಲ್ಲ. ಆದರೆ ಹಳೆಯ ಮೈಸೂರಿನಲ್ಲಿ ಅದನ್ನು ವಿರೋಧಿಸಿದವರೂ ಕನ್ನಡಿಗರೇ ಎಂದೂ, ಹಿಂದುಳಿದ ಜಿಲ್ಲೆಗಳ ಭಾರವು ತಮ್ಮ ಬೊಕ್ಕಸದ ಮೇಲೆ ಬೀಳುವುದೆಂದು ಅವರು ಅಂಜಿದ್ದರೆಂದೂ ಅವನು ತಿಳಿಸಬೇಕು. ಬೆಳಗಾವಿಯ ಪಾಠವು ಇನ್ನೂ ಕಠಿನವಾದುದು. ಆ ನಗರವು ಮೈಸೂರು ರಾಜ್ಯದಲ್ಲಿಯೇ ಇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ಮಹಾರಾಷ್ಟ್ರವು ಒಪ್ಪದೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆಯೋಗದ ಮತವೇ ನಮ್ಮ ಮತ. ಆದರೂ ಆ ಊರಿನ ತರಗತಿಯಲ್ಲಿ, ಮನೆಯಲ್ಲಿ ಮರಾಠಿಯನ್ನಾಡುವ ಹುಡುಗನೂ ಕುಳಿತಿರುತ್ತಾನೆ. ಅವನ ಹಿರಿಯರ ವಾದವನ್ನು ಅವರೇ ಹೌದೆನ್ನುವಂತೆ ಮೊದಲು ಹೇಳಿ, ಆಮೇಲೆ ನಮ್ಮ ಕಾರಣಗಳನ್ನು ಇಡೋಣ. ಆ ಹುಡುಗನು ತಲೆ ತಗ್ಗಿಸಿ ಮನೆಗೆ ಹೋದ ದಿನ ಕನ್ನಡಕ್ಕೆ ಒಬ್ಬ ಮಿತ್ರನು ಕಡಿಮೆಯಾದನೆಂದೇ ತಿಳಿಯಬೇಕು.

ಹಿಟ್ಲರನ ಆಳಿಕೆಯಲ್ಲಿ ಶಾಲೆಗಳು ಪಕ್ಷದ ಕಾರಖಾನೆಗಳಾದುದನ್ನು ಕಂಡ ಜರ್ಮನಿಯಲ್ಲಿಯೂ ಈ ವಿಚಾರವು ನಡೆದಿದೆ. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಕೂಡಿದ ಶಿಕ್ಷಣವೇತ್ತರ ಚರ್ಚೆಯಿಂದ ಮೂರು ಸೂತ್ರಗಳು ಹುಟ್ಟಿದವು: ಶಿಷ್ಯನ ಮೇಲೆ ಮತವನ್ನು ಹೇರಬಾರದು, ಲೋಕದಲ್ಲಿ ವಿವಾದಾಸ್ಪದವಾದುದನ್ನು ತರಗತಿಯಲ್ಲಿಯೂ ವಿವಾದಾಸ್ಪದವೆಂದೇ ತೋರಿಸಬೇಕು, ತನ್ನ ಹಿತವನ್ನು ತಾನೇ ತೂಗಿನೋಡುವ ಶಕ್ತಿಯು ಶಿಷ್ಯನಿಗೆ ಬರಬೇಕು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಶಿಷ್ಯನು ಕೇಳಿದರೆ ಮತವನ್ನು ಮರೆಮಾಚದೆ, ಇದು ನನ್ನ ಮತವೆಂದು ಹೇಳಿರಿ. ನಿಮಗೆ ವಿರುದ್ಧವಾಗಿ ಬರೆದವನ ಉತ್ತರದಲ್ಲಿ ತರ್ಕವನ್ನು ನೋಡಿ ಅಂಕ ಕೊಡಿರಿ. ಪಕ್ಷದ ಧ್ವಜವೂ ವರ್ಗಣಿಯೂ ಶಾಲೆಯ ಹೊಸ್ತಿಲಿನಾಚೆಯೇ ಇರಲಿ. ಹೆದರಿಕೆಯಿಂದ ಒಪ್ಪುವವರನ್ನು ಪರಕೀಯ ಸರಕಾರವು ಬೇಕಾದಷ್ಟು ಬೆಳೆಸಿತ್ತು. ತಿಳಿದು ಒಪ್ಪುವವರೂ, ತಿಳಿದು ಅಲ್ಲವೆನ್ನುವವರೂ ಸ್ವತಂತ್ರ ನಾಡಿಗೆ ಬೇಕು.