ತಾಯಿಯ ತೋಳಿನ ಚುಚ್ಚುಮದ್ದು



ಧನುರ್ವಾಯುವೆಂಬ ಹೆಸರೇ ಆ ರೋಗದ ಚಿತ್ರ. ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಹುಟ್ಟಿದ ಮೊದಲೆರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ವಾರ ತುಂಬುವಷ್ಟರಲ್ಲಿ ಬಾಯಿ ತೆರೆಯಲಾರದಂತಾದರೆ, ಅದನ್ನು ಬಾಲಗ್ರಹವೆಂದು ತಿಳಿದವರೂ ಹಿಂದೆ ಇದ್ದರು. ಆದರೆ ರೋಗದ ಮೂಲ ಗ್ರಹದಲ್ಲಿಲ್ಲ, ಮಣ್ಣಿನಲ್ಲಿ, ಸೆಗಣಿಯಲ್ಲಿ ಇದೆ. ಹೊಕ್ಕುಳಬಳ್ಳಿ ಕೊಯ್ದ ಕತ್ತಿಯ ಮೂಲಕ, ಆ ಗಾಯಕ್ಕೆ ಮೆತ್ತಿದ ಬೂದಿಯ ಮೂಲಕ ಅದು ಒಳಹೊಗುತ್ತದೆ.

ಇದಕ್ಕೆ ಮದ್ದನ್ನು ಮಗುವಿಗೆ ಕೊಡುವ ಮೊದಲೇ ಕಾಲ ಮೀರಿರುತ್ತದೆ. ಆದ್ದರಿಂದ ಗರ್ಭಿಣಿಗೆ ಕೊಡುತ್ತಾರೆ. ಅವಳ ರಕ್ತದಲ್ಲಿ ಹುಟ್ಟಿದ ರಕ್ಷಣೆ ಮಾಸುಚೀಲವನ್ನು ದಾಟಿ ಮಗುವಿಗೆ ಸೇರುತ್ತದೆ. ನ್ಯೂಗಿನಿಯಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ತೋರಿಸಿತು. ನಮ್ಮ ದೇಶವು ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆದರೆ ನಿವಾರಣೆಯೆಂದರೆ ನಿರ್ಮೂಲನವಲ್ಲ. ಸಿಡುಬಿನಂತೆ ಇದನ್ನು ಭೂಮಿಯಿಂದಲೇ ಅಳಿಸಲಾಗದು, ಮಣ್ಣನ್ನು ತೊಳೆಯುವವರಾರು?

ಈಗ ಕೊಡುವುದು ಟಿ.ಡಿ. ಎಂಬ ಲಸಿಕೆ, ಧನುರ್ವಾಯುವಿನೊಡನೆ ಗಂಟಲಮಾರಿಯನ್ನೂ ತಡೆಯುತ್ತದೆ. ಗರ್ಭ ನಿಂತುದು ತಿಳಿದೊಡನೆ ಒಂದು, ನಾಲ್ಕು ವಾರ ಕಳೆದು ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡನ್ನೂ ಪಡೆದು ಮೂರು ವರ್ಷದೊಳಗೆ ಮತ್ತೆ ಗರ್ಭಿಣಿಯಾದವಳಿಗೆ ಒಂದೇ ಸಾಕು. ತೋಳು ಒಂದೆರಡು ದಿನ ನೋಯಬಹುದು. ಇದರಿಂದ ಗರ್ಭ ಇಳಿಯುತ್ತದೆಂಬ ಮಾತಿಗೆ ಯಾವ ಆಧಾರವೂ ಇಲ್ಲ.

ಕೊಡಗಿನಲ್ಲಿ ತಪ್ಪಿಹೋಗುವ ಭಯವಿರುವುದು ಎರಡನೆಯದೇ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ, ದೂರದ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಮೊದಲ ಸೂಜಿ ಒಂದು ತೋಟದ ಲೈನ್‌ಮನೆಯಲ್ಲಿ. ನಾಲ್ಕು ವಾರ ಕಳೆಯುವಾಗ ಅವಳು ಇನ್ನೊಂದು ತೋಟದಲ್ಲಿ. ಅಲ್ಲಿಯ ಆಶಾ ಕಾರ್ಯಕರ್ತೆಗೆ ಇವಳ ಗುರುತಿಲ್ಲ. ಮಾಲೀಕರು ಆ ಒಂದು ಹೊತ್ತಿನ ಕೂಲಿಯನ್ನು ಹಿಡಿಯದಿದ್ದರೆ ಅರ್ಧ ಕೆಲಸವಾದಂತೆಯೇ ಎಂದು ನಾನು ಭಾವಿಸುತ್ತೇನೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗುವಾಗ ಇದೇಕೆ ಎಂದು ಕೇಳುವವರಿದ್ದಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ರಸ್ತೆಗಳೇ ಇಲ್ಲವಾದುದನ್ನು ನಾವು ಮರೆಯಬಾರದು. ಆಟಿ ತಿಂಗಳಲ್ಲಿ ದಿನ ತುಂಬುವವಳಿಗೆ ಮಡಿಕೇರಿಯೂ ದೂರವಾಗಬಹುದು. ಮೈಯೊಳಗೆ ಸೇರಿದ ರಕ್ಷಣೆಗೆ ರಸ್ತೆ ಬೇಡ.

ರುಬೆಲ್ಲಾದ ಸಂಗತಿ ಬೇರೆ. ತಾಯಿಗೆ ಅದು ಸಣ್ಣ ಜ್ವರ, ನಾಲ್ಕು ಗುಳ್ಳೆ. ಗರ್ಭದ ಮೊದಲ ತಿಂಗಳುಗಳಲ್ಲಿ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿ. ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ ಇದನ್ನು 1941ರಲ್ಲಿ ಗುರುತಿಸಿದರು. ಇದರ ಲಸಿಕೆ ಜೀವಂತ ವೈರಸ್ಸಿನದು; ಗರ್ಭಿಣಿಗೆ ಕೊಡುವಂತಿಲ್ಲ. ಮದುವೆಗೆ ಮುನ್ನವೇ ಆಗಬೇಕು, ಆಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಹದಿನೈದರೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಕೊಟ್ಟರು. ಅಂದು ಅದಕ್ಕಿಂತ ದೊಡ್ಡವರಾಗಿದ್ದ ಹೆಣ್ಣುಮಕ್ಕಳು ವೈದ್ಯರನ್ನು ಕೇಳುವುದು ಲೇಸು. ತಪ್ಪಿಹೋಗಿದ್ದರೆ ಹೆರಿಗೆಯಾದ ಮೇಲೆ ಪಡೆಯಬಹುದು, ಮೊಲೆಯುಣಿಸುವುದಕ್ಕೆ ಅಡ್ಡಿಯಿಲ್ಲ.

ಇನ್ನು ತಾಯಿ ಕಾರ್ಡು. ತೋಟ ಬಿಡುವಾಗ ಪಾತ್ರೆಪಗಡಗಳ ಜೊತೆಗೆ ಅದನ್ನೂ ಕಟ್ಟಿಕೊಳ್ಳಿ, ಹೊಸ ಜಾಗಕ್ಕೆ ಹೋದ ವಾರವೇ ಅಂಗನವಾಡಿಯಲ್ಲಿ ತೋರಿಸಿ. ಕಳೆದಿದ್ದರೆ ಹೆದರಿ ಮನೆಯಲ್ಲಿ ಕೂರಬೇಡಿ. ಕಾರ್ಡಿಲ್ಲವೆಂಬ ಕಾರಣಕ್ಕೆ ಸೂಜಿ ನಿಲ್ಲಬೇಕಾಗಿಲ್ಲ.