ನಗುವಿನ ತಕ್ಕಡಿ



ಕಪ್ಪು ವರ್ಣೀಯ ಹಾಸ್ಯಗಾರ ತನ್ನ ಜನರನ್ನು ಆಡಿಕೊಂಡರೆ ಚಪ್ಪಾಳೆ, ಅದೇ ಮಾತನ್ನು ಬಿಳಿಯನಾಡಿದರೆ ಛೀಮಾರಿ, ಇದೆಂಥ ನ್ಯಾಯ? ಅಮೆರಿಕದ ಹಾಸ್ಯದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಉತ್ತರಕ್ಕಾಗಿ ಸ್ವಲ್ಪ ಹಿಂದೆ ಹೋಗಬೇಕು.

1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು 'ಜಿಮ್ ಕ್ರೋ' ಆಗಿ ಕುಣಿದ. ಜನ ಬಿದ್ದು ಬಿದ್ದು ನಕ್ಕರು. ಮುಂದೆ ಕಪ್ಪು ಜನರನ್ನು ಶಾಲೆಯಲ್ಲಿ, ರೈಲಿನಲ್ಲಿ ಬೇರೆ ಕೂರಿಸಿದ ಕಾನೂನುಗಳಿಗೆ ಅದೇ ಹೆಸರು ಅಂಟಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬರ್ಟ್ ವಿಲಿಯಮ್ಸ್ ಅವರಂಥ ದೊಡ್ಡ ಕಪ್ಪು ನಟ ಕೂಡ ಹುಟ್ಟಿನ ಬಣ್ಣ ಸಾಲದೆಂಬಂತೆ ಮಸಿ ಬಳಿದುಕೊಂಡೇ ರಂಗಕ್ಕೇರಿದರು.

ಹಾಗಾದರೆ ತನ್ನವರನ್ನು ನಗೆಪಾಟಲು ಮಾಡುವ ಹಕ್ಕು ಹುಟ್ಟಿನಿಂದ ಬರುತ್ತದೆಯೇ? ಕಪ್ಪು ಹಾಸ್ಯಗಾರ ಡೇವ್ ಶಪೆಲ್ ಅವರನ್ನು ನೋಡಿ. ತಮ್ಮ ಟಿವಿ ಕಾರ್ಯಕ್ರಮದ ಒಂದು ಪ್ರಹಸನಕ್ಕೆ ಅವರೇ ಮಸಿ ಬಳಿದುಕೊಂಡು, ಹೋಟೆಲ್ ಆಳಿನ ದಿರಿಸು ತೊಟ್ಟು ನಿಂತಿದ್ದರು. ವರ್ಣಭೇದವನ್ನು ಅಣಕಿಸುವುದೇ ಉದ್ದೇಶ. ಚಿತ್ರೀಕರಣದ ಜಾಗದಲ್ಲಿದ್ದ ಬಿಳಿಯರೊಬ್ಬರು ಜೋರಾಗಿ ನಕ್ಕರು. ಆ ನಗು ಶಪೆಲ್ ಅವರಿಗೆ ಚುಚ್ಚಿತು: ಇವರು ನನ್ನ ಜೊತೆ ನಗುತ್ತಿದ್ದಾರೋ, ನನ್ನನ್ನು ನೋಡಿ ನಗುತ್ತಿದ್ದಾರೋ? 2005ರಲ್ಲಿ ಸುಮಾರು 5 ಕೋಟಿ ಡಾಲರ್ ಒಪ್ಪಂದವನ್ನು ಬಿಟ್ಟು ದಕ್ಷಿಣ ಆಫ್ರಿಕಕ್ಕೆ ಹೊರಟೇಹೋದರು.

ಅವರಿಗಿಂತ ಮೊದಲು ಇನ್ನೊಬ್ಬ ಕಪ್ಪು ಹಾಸ್ಯಗಾರ ರಿಚರ್ಡ್ ಪ್ರಯರ್, ಕಪ್ಪು ಜನರ ಮೇಲಿನ ಹಳೆಯ ಬೈಗುಳವನ್ನೇ ವೇದಿಕೆಯಲ್ಲಿ ಧಾರಾಳವಾಗಿ ಬಳಸುತ್ತಿದ್ದರು. 1979ರಲ್ಲಿ ಕೆನ್ಯಾಕ್ಕೆ ಹೋದಾಗ ಸುತ್ತ ಎಲ್ಲ ಕೆಲಸಗಳಲ್ಲೂ ಕಪ್ಪು ಜನರನ್ನೇ ಕಂಡರು. ಆ ಪದ ಒಪ್ಪುವ ಒಬ್ಬರೂ ಅಲ್ಲಿರಲಿಲ್ಲ. ಅಂದಿನಿಂದ ಅದನ್ನು ಕೈಬಿಟ್ಟರು.

ನಮಗೂ ಇದರ ಬಿಸಿ ತಟ್ಟಿದೆ. 'ದಿ ಸಿಂಪ್ಸನ್ಸ್' ಕಾರ್ಟೂನಿನ ಭಾರತೀಯ ಅಂಗಡಿಕಾರ ಅಪುವಿಗೆ ಸುಮಾರು 30 ವರ್ಷ ದನಿ ಕೊಟ್ಟವರು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ಅಪುವಿನ ಮಾತಿನ ರಾಗದಲ್ಲಿ ಅಣಕಿಸಿಕೊಂಡವರು ಅಮೆರಿಕದಲ್ಲಿ ಶಾಲೆಗೆ ಹೋಗುತ್ತಿದ್ದ ನಮ್ಮ ಮಕ್ಕಳು. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು, ಮುಂದೆ ಕ್ಷಮೆಯನ್ನೂ ಕೇಳಿದರು. ಅಪುವಿಗಾಗಿ ನೊಂದ ನಾವೇ ನಮ್ಮ ಸಿನಿಮಾಗಳಲ್ಲಿ ಕಪ್ಪು ಹುಡುಗಿಯ ಬಣ್ಣವನ್ನು ತಮಾಷೆ ಮಾಡಿದಾಗ ಶಿಳ್ಳೆ ಹೊಡೆದಿದ್ದೇವೆ. ನನ್ನ ಮಟ್ಟಿಗೆ ನಿಜವಾದ ಇಬ್ಬಗೆ ನೀತಿ ಅದು.

ಎಲ್ಲರಿಗೂ ಒಂದೇ ತಕ್ಕಡಿ ಇರಲಿ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತೂಗುವಾಗ ಮಾತನ್ನಷ್ಟೇ ಇಡಬೇಡಿ, ಆ ಮಸಿಯನ್ನೂ ತಟ್ಟೆಗೆ ಹಾಕಿ.